ಕಾಫಿ ಸ್ಟೋರಿನಲ್ಲಿ ಹಿಡಿದಿಟ್ಟ ದನಿ

ದೋಣಿಗಲ್ ಬಸ್ ಸ್ಟಾಪಿನಲ್ಲಿ ವಲೇರಿಯನ್ ಸಿಕ್ಕಿಬಿಟ್ಟರೆ ಸಕಲೇಶಪುರದ ಬಸ್ಸು ಒಂದು ತಪ್ಪಿತೆಂದೇ ಲೆಕ್ಕ. ಮೆಣಸಿನ ಬಳ್ಳಿಗೆ ಬಂದ ರೋಗ, ಘಾಟಿಯಲ್ಲಿ ಮಗುಚಿದ ಟ್ಯಾಂಕರು, ಬೆಳಿಗ್ಗೆ ತಿಂದ ಕಡುಬು, ಹೆಂಡತಿ ಕಡುಬಿಗೆ ಮಾಡಿದ್ದ ಚಟ್ನಿ, ಯಾವುದನ್ನೂ ಬಿಡುವ ಗಿರಾಕಿಯಲ್ಲ. ಎದುರಿಗಿದ್ದವರು ವಾಚು ನೋಡಿಕೊಂಡರೂ ಅವನಿಗೆ ಅದು ತಾಗುವುದಿಲ್ಲ. ಈಗಿನ ಹುಡುಗರಂತೂ ಅವನನ್ನು ದೂರದಿಂದ ಕಂಡರೆ ಅಂಗಡಿಯ ಹಿಂಬದಿಯಿಂದ ಜಾಗ ಖಾಲಿ ಮಾಡುತ್ತಾರೆ. ಪಾಪ, ಆ ಹುಡುಗರಿಗೇನು ಗೊತ್ತು? ಈ ಮನುಷ್ಯ ಐವತ್ತು ದಾಟುವ ತನಕ ಬಾಯಿಗೆ ಬೀಗ ಹಾಕಿಕೊಂಡು ಬದುಕಿದವನು ಎಂದರೆ ಅವರು ನಂಬುವುದೂ ಇಲ್ಲ.

ಕೆಂಪುಕಲ್ಲು ಎಸ್ಟೇಟಿನಲ್ಲಿ ಅವನು ಸ್ಟೋರ್ ರೈಟರ್, ಅಂದರೆ ಕಾಫಿ ದಾಸ್ತಾನಿನ ಲೆಕ್ಕ ಬರೆಯುವವನು. ಅವನ ಅಜ್ಜ ಮಂಗಳೂರು ಕಡೆಯಿಂದ ಘಾಟಿ ಹತ್ತಿ ಬಂದ ಬಡಗಿ. ಅಪ್ಪ ಇದೇ ಎಸ್ಟೇಟಿನಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಯಲ್ಲಿ ದುಡಿದು ಮಣ್ಣಾದವನು. ವಲೇರಿಯನ್ನನ ಕೈಗೆ ಸ್ಟೋರಿನ ಬೀಗದಕೈ ಬಂದ ಮೇಲೆ ಅಲ್ಲಿ ಒಂದು ಗೋಣಿಚೀಲ ಹರಿದು ಬಿದ್ದಿದ್ದನ್ನು ಯಾರೂ ಕಂಡಿಲ್ಲ. ಹರಿದದ್ದಕ್ಕೆ ಹೊಲಿಗೆ ಹಾಕಿಸಿ ಮತ್ತೆ ತುಂಬಿಸುತ್ತಿದ್ದ. ಹಗ್ಗದ ತುಂಡನ್ನೂ ಎಸೆಯುತ್ತಿರಲಿಲ್ಲ. ಮಾತಿನಲ್ಲೂ ಅದೇ ಜಿಪುಣತನ. "ಹೂಂ", "ಊಹೂಂ", "ಆಯ್ತು", ಈ ಮೂರರಲ್ಲಿ ಅವನ ಸಂಸಾರ ಸಾಗುತ್ತಿತ್ತು. ತೂಕದ ಹೊತ್ತಿಗೆ ಮಾತ್ರ ಅಂಕಿ ಕೂಗುತ್ತಿದ್ದ.

ಇಂಥವನಿಗೆ ಗಂಟುಬಿದ್ದವಳು ಲೂಯಿಜಾ. ಸಕಲೇಶಪುರದ ಶಾಲೆಯೊಂದರಲ್ಲಿ ಇಂಗ್ಲಿಷ್ ಟೀಚರು. ಸಂಜೆ ಬಸ್ಸಿನಿಂದ ಇಳಿದು ಗೇಟು ದಾಟುವ ಮುಂಚೆಯೇ "ವಲ್ಲೂ!" ಎಂದು ಕೂಗು ಹಾಕುವಳು. ಆಮೇಲೆ ಮಲಗುವ ತನಕ ಅವಳದೇ ರಾಜ್ಯಭಾರ. ಅರ್ಧ ಕನ್ನಡ, ಅರ್ಧ ಕೊಂಕಣಿ, ನಡುವೆ ಒಂದಿಷ್ಟು ಹಾಡು, ಹೆಡ್‌ಮಾಸ್ಟರರ ಅಣಕು, ತನ್ನ ಮಾತಿಗೆ ತಾನೇ ನಗು. ಮಕ್ಕಳಿಲ್ಲದ ಆ ಮನೆಯಲ್ಲಿ ಇಬ್ಬರಿಗೂ ಸಾಲುವಷ್ಟು ಅವಳೊಬ್ಬಳೇ ಮಾತಾಡುತ್ತಿದ್ದಳು. ವಲೇರಿಯನ್ ಬಾಗಿಲ ಬಳಿ ಕೂತು ಕೇಳುತ್ತಿದ್ದ. ಇಷ್ಟವೆಂದು ಹೇಳಿದವನಲ್ಲ. ಕೇಳುತ್ತಿದ್ದೇನಲ್ಲ, ಅವಳಿಗೆ ಅಷ್ಟರಿಂದಲೇ ಗೊತ್ತಾಗುತ್ತದೆ ಎಂಬುದು ಅವನ ಅಂದಾಜು. ಇಂಥ ಅಂದಾಜಿನಲ್ಲೇ ಎಷ್ಟೋ ಗಂಡಸರ ಆಯುಸ್ಸು ಮುಗಿದುಹೋಗುತ್ತದೆ.

ಲೂಯಿಜಾಳಿಗೆ ಒಂದು ಹುಚ್ಚಿತ್ತು. ಇಂಗ್ಲಿಷಿನ ಹಳೆಯ ನಾಟಕವೊಂದು. ಇನ್ನೂರು ಮುನ್ನೂರು ವರ್ಷದ ಹಿಂದಿನದು. ಅಕ್ಕಪಕ್ಕದ ಎರಡು ದೊಡ್ಡ ಜಮೀನು, ನಡುವೆ ಒಂದು ಬೇಲಿ. ಬೇಲಿಯ ಈಚೆ ಕಿವುಡ ಅಪ್ಪನ ಜೊತೆ ಇರುವ ಬಾಯಾಳಿ ಹುಡುಗಿ, ಆಚೆ ಜಂಬದ ಹುಡುಗ. ನಾಲ್ಕು ಅಂಕದ ತುಂಬ ಬೇಲಿಯ ಜಗಳ, ಐದನೆಯ ಅಂಕದಲ್ಲಿ ಮದುವೆ. ಪ್ರತಿವರ್ಷ ಶಾಲೆಯ ವಾರ್ಷಿಕೋತ್ಸವಕ್ಕೆ ಮಕ್ಕಳ ಕೈಯಲ್ಲಿ ಇದರ ಒಂದು ತುಂಡನ್ನು ಆಡಿಸುತ್ತಿದ್ದಳು. ಪೂರ್ತಿ ನಾಟಕ ಆಡಿಸುವುದಕ್ಕೆ ಆಗಿರಲಿಲ್ಲ. ಇಂದಲ್ಲ ನಾಳೆ ಎಂದು ಮುಂದೂಡುತ್ತ ಬಂದಿದ್ದಳು.

ತೊಂಬತ್ತೆಂಟರ ಮಳೆಗಾಲದಲ್ಲಿ ಅವಳ ದನಿ ಒರಟಾಯಿತು. ಸೀಮೆಸುಣ್ಣದ ಧೂಳು ಎಂದರು, ಥಂಡಿ ಎಂದರು. ಕಷಾಯ ಕುಡಿದಳು, ಗುಳಿಗೆ ನುಂಗಿದಳು. ಕ್ರಿಸ್ಮಸ್ಸಿನ ಹೊತ್ತಿಗೆ ಮಂಗಳೂರಿನ ದೊಡ್ಡ ಆಸ್ಪತ್ರೆಗೆ ಹೋಗಿ ತೋರಿಸಿದಾಗ ಡಾಕ್ಟರು ಸುತ್ತಿ ಬಳಸಿ ಮಾತಾಡಲಿಲ್ಲ. ಗಂಟಲಿನಲ್ಲಿ ಗಡ್ಡೆ. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು. ಜೀವಕ್ಕೆ ಭಯವಿಲ್ಲ, ಆದರೆ ಮಾತು ಹೋಗುತ್ತದೆ. ಫೆಬ್ರವರಿ ಕೊನೆಗೆ ಬಂದು ಸೇರಿಕೊಳ್ಳಿ ಎಂದರು.

ವಾಪಸ್ ಬರುವಾಗ ಬಸ್ಸು ಘಾಟಿ ಹತ್ತಿದಷ್ಟು ಹೊತ್ತೂ ಲೂಯಿಜಾ ತುಟಿ ಬಿಚ್ಚಲಿಲ್ಲ. ಮದುವೆಯಾದಾಗಿನಿಂದ ಅವಳು ಅಷ್ಟು ಹೊತ್ತು ಸುಮ್ಮನಿದ್ದದ್ದೇ ಇಲ್ಲ. ಡಾಕ್ಟರ ಮಾತಿಗಿಂತ ಆ ಮೌನವೇ ವಲೇರಿಯನ್ನನನ್ನು ಹೆದರಿಸಿತು. ಏನಾದರೂ ಹೇಳಬೇಕೆಂದು ಎರಡು ಮೂರು ಸಲ ಅವಳ ಕಡೆ ತಿರುಗಿ, ಮತ್ತೆ ಕಿಟಕಿಯ ಕಡೆ ನೋಡಿದ. ದೋಣಿಗಲ್ಲಿನಲ್ಲಿ ಇಳಿದ ಮೇಲೆ ಅವಳೇ ಬಾಯಿಬಿಟ್ಟಳು.

"ವಲ್ಲು, ಆ ನಾಟಕ ಪೂರ್ತಿ ಆಡ್ಬೇಕು ಕಣೋ."

"ಹೂಂ."

"ಸ್ಟೇಜಿಗಲ್ಲ, ಟೇಪಿಗೆ. ಸ್ಟೇಜಲ್ಲಾದ್ರೆ ಈ ಮುಖಕ್ಕೆ ಇಪ್ಪತ್ತು ವರ್ಷದ ಹುಡುಗಿ ಅಂದ್ರೆ ಜನ ಕಲ್ಲು ಹೊಡೀತಾರೆ. ಟೇಪಲ್ಲಿ ವಯಸ್ಸು ಕಾಣಲ್ಲ ನೋಡು. ಹುಡುಗಿ ನಾನೇ."

"ಗಂಟ್ಲಿಗೆ ರೆಸ್ಟ್ ಕೊಡಿ ಅಂತ ಡಾಕ್ಟ್ರು ಅಂದವ್ರೆ." ಅವನ ಮಟ್ಟಿಗೆ ಅದು ಭಾಷಣವೇ ಸರಿ.

"ಉಳ್ಸಿಟ್ಟು ಯಾರಿಗ್ ಕೊಡ್ಲಿ ಮಾರಾಯ?"

ಅವನು ಅವಳ ಕೈಯಿಂದ ಚೀಲ ತೆಗೆದುಕೊಂಡು ನಡೆದ. ಮನೆ ತಲುಪುವಷ್ಟರಲ್ಲಿ ಒಂದು ಯೋಚನೆ ಅವನ ತಲೆಯಲ್ಲಿ ಕೂತುಬಿಟ್ಟಿತ್ತು. ಟೇಪು ಮಾಡಿದರೆ ಇವಳ ದನಿ ಮನೆಯಲ್ಲಿ ಉಳಿಯುತ್ತದೆ. ಆಪರೇಷನ್ ಆದ ಮೇಲೂ ಒಂದು ಗುಂಡಿ ಒತ್ತಿದರೆ ಲೂಯಿಜಾ ಮಾತಾಡುತ್ತಾಳೆ. ಅವಳಿಗೆ ನಾಟಕ ಬೇಕಿತ್ತು. ಅವನಿಗೆ ನಾಟಕದ ಗೊಡವೆಯೇ ಇಲ್ಲ, ಅವಳ ದನಿ ಬೇಕಿತ್ತು. ಹಾಗೆಂದು ಬಾಯಿಬಿಟ್ಟು ಹೇಳಿದ್ದರೆ ಮುಂದಿನ ಕಥೆ ಬೇರೆಯೇ ಆಗುತ್ತಿತ್ತೇನೋ.

ಎಸ್ಟೇಟಿನ ಯಜಮಾನ ಮೋಹನ್ ಲೂಯಿಜಾಳ ಹಳೆಯ ಶಿಷ್ಯ. ಸುದ್ದಿ ಕೇಳಿ ಅವನೇ ಓಡಿಬಂದ. "ಟೀಚರ್, ಹುಡುಗನ ಪಾರ್ಟು ನಂದು, ಬೇರೆಯವ್ರಿಗೆ ಕೊಟ್ರೆ ನೋಡಿ ಮತ್ತೆ" ಎಂದ. ಅವನ ಹೆಂಡತಿ ಮಧುಶ್ರೀ ಕೆಲಸದವಳ ಪಾತ್ರಕ್ಕೆ ಒಪ್ಪಿದಳು. ಹುಡುಗಿಯ ಕಿವುಡ ಅಪ್ಪನಾಗಿ ಬಂದವರು ಎಸ್ಟೇಟಿನಿಂದ ನಿವೃತ್ತರಾದ ಗುಮಾಸ್ತ ಗುಂಡಯ್ಯ. ಅವರಿಗೆ ನಿಜವಾಗಿಯೂ ಕಿವಿ ಮಂದ. ಅದು ಪಾತ್ರಕ್ಕೆ ಒಪ್ಪಿತು, ತಾಲೀಮಿಗೆ ಮಾತ್ರ ಕಷ್ಟವಾಯಿತು. ಕಥೆ ಕೇಳಿದ ಗುಂಡಯ್ಯ, "ಇದ್ಯಾವ ಇಂಗ್ಲಿಷ್ ನಾಟ್ಕ ಕಣಮ್ಮ, ನಮ್ ಯಸಳೂರು ಕಡೇಲಿ ದಿನಾ ನಡ್ಯೋ ಬೇಲಿ ಜಗ್ಳ ತಾನೆ" ಎಂದರು.

ಎರಡು ಕ್ಯಾಸೆಟ್ ಹಾಕುವ ಟೇಪ್ ರೆಕಾರ್ಡರು, ಒಂದು ಮೈಕು ಮೋಹನನ ಮನೆಯಿಂದ ಬಂದವು. ಮೊದಲು ಮನೆಯ ಹಾಲಿನಲ್ಲಿ ಮಾಡಿ ನೋಡಿದರು. ಹೆಂಚಿನ ಮಾಡು, ಬರಿಗೋಡೆ. ಮಾತು ಕೊಡದೊಳಗಿಂದ ಬಂದಂತೆ ಕೇಳಿಸಿತು. ವಲೇರಿಯನ್ ಎದ್ದುಹೋಗಿ ಸ್ಟೋರಿನ ಬೀಗ ತೆಗೆದ. ಅರೇಬಿಕಾ ಕುಯ್ಲು ಮುಗಿಯುತ್ತ ಬಂದಿತ್ತು. ಸಿಪ್ಪೆ ಬಿಡಿಸಿ, ತೊಳೆದು, ಕಣದಲ್ಲಿ ಒಣಗಿಸಿದ ಕಾಫಿ ಚೀಲ ಚೀಲವಾಗಿ ಮಾಡಿನವರೆಗೆ ಪೇರಿಸಿಟ್ಟಿತ್ತು. ಆಳುಗಳನ್ನು ಕರೆದು ಆ ಅಟ್ಟಿಯ ನಡುವೆ ಒಂದು ಕೋಣೆಯಷ್ಟು ಜಾಗ ಬಿಡಿಸಿದ. ಸುತ್ತ ನಾಲ್ಕೂ ಕಡೆ ಕಾಫಿಯದೇ ಗೋಡೆ. ಒಳಗೆ ನಿಂತು ಚಪ್ಪಾಳೆ ತಟ್ಟಿದರೆ ಸದ್ದು ಅಲ್ಲೇ ಇಂಗಿಹೋಯಿತು. ತೂಕದ ಕೊಕ್ಕೆಗೆ ಮೈಕು ನೇತುಹಾಕಿದ. ಕರೆಂಟಿನ ಆಟ ಗೊತ್ತಿದ್ದದ್ದೇ, ರೆಕಾರ್ಡರಿಗೆ ಸೆಲ್ಲು ತುಂಬಿದ. ಹಳಿಯ ಗೇಜು ಬದಲಾಯಿಸಲೆಂದು ಘಾಟಿಯ ರೈಲು ನಿಲ್ಲಿಸಿದ್ದರಿಂದ ಅದರ ಕೂಗಿನ ಕಾಟವಿರಲಿಲ್ಲ. ಭಾನುವಾರ ಪಲ್ಪರೂ ಮಲಗಿರುತ್ತಿತ್ತು.

ಪ್ರತಿ ಭಾನುವಾರ ಗಂಡ ಹೆಂಡತಿ ಇಗರ್ಜಿಯ ಪೂಜೆ ಮುಗಿಸಿ ಬಂದ ಮೇಲೆ ಎಲ್ಲರೂ ಸ್ಟೋರು ಸೇರುತ್ತಿದ್ದರು. ಮೆಣಸು ಕುಟ್ಟಿ ಹಾಕಿದ ಬಿಸಿನೀರು ಕುಡಿದರೆ ಲೂಯಿಜಾಳ ದನಿ ಸ್ವಲ್ಪ ಹೊತ್ತು ತಿಳಿಯಾಗುತ್ತಿತ್ತು. ಅಷ್ಟರೊಳಗೆ ಅವಳ ಭಾಗ ಮುಗಿಯಬೇಕು. ಅದೇನು ಮಾಯೆಯೋ, ಮೈಕಿನ ಮುಂದೆ ನಿಂತಳೆಂದರೆ ಅವಳ ಬೆನ್ನು ನೆಟ್ಟಗಾಗುತ್ತಿತ್ತು. ಶಾಲೆಯಲ್ಲಿ ಯಾವತ್ತೂ ಆಡದ ಇಂಗ್ಲಿಷು ಬಾಯಿಂದ ಬರುತ್ತಿತ್ತು. ಅರಮನೆಯಂಥ ಮನೆಯಲ್ಲಿ ಹುಟ್ಟಿ, ಯಾರಿಗೂ ತಲೆಬಾಗದ ಹುಡುಗಿಯ ಇಂಗ್ಲಿಷು ಅದು. ದನಿಯಲ್ಲಿ ಉಳಿದಿದ್ದ ಒರಟು ಕೂಡ ಆ ಹುಡುಗಿಯ ಗರ್ವದ ಹಾಗೆಯೇ ಕೇಳಿಸುತ್ತಿತ್ತು.

ಪಾತ್ರದಿಂದ ಹೊರಗೆ ಬಂದಳೆಂದರೆ ಮತ್ತೆ ನಮ್ಮ ಲೂಯಿಜಾ. "ಮೋಹನ್, ಹುಡ್ಗಿ ಹತ್ರ ಪ್ರೀತಿ ಹೇಳ್ಕೊತಿದ್ದೀಯೋ, ಕೂಲಿ ಲೈನ್ ಮುಂದೆ ನಿಂತು ಹಾಜ್ರಿ ಕೂಗ್ತಿದ್ದೀಯೋ?" ಎಂದು ಯಜಮಾನನ ಕಿವಿ ಹಿಂಡುವಳು. ಗುಂಡಯ್ಯ ತಪ್ಪಾದ ಜಾಗದಲ್ಲಿ "ಮೈ ಡಾಟರ್!" ಎಂದು ಅಬ್ಬರಿಸಿದರೆ ಚೀಲಕ್ಕೆ ಒರಗಿ ನಗುವಳು. ನಗು ಕೆಮ್ಮಾಗುತ್ತಿತ್ತು. ಕೆಮ್ಮು ನಿಂತ ಮೇಲೆ, "ವಲ್ಲು, ನೀರು ಕೊಡು. ವಲ್ಲು, ಅದ್ಯಾಕೆ ಹಂಗೆ ಗುಮ್ಮನ ಥರ ಕೂತಿದ್ದೀಯ? ವಲ್ಲು, ಮನೇಲಿ ಒಲೆ ಆರಿಸಿ ಬಂದ್ಯಾ?" ಇದೆಲ್ಲವೂ ಟೇಪಿನಲ್ಲಿ ದಾಖಲಾಗುತ್ತಿತ್ತು.

ಸೋಮವಾರ ಸಂಜೆ ವಲೇರಿಯನ್ ಆ ಟೇಪನ್ನು ಶುದ್ಧ ಮಾಡಲು ಕೂರುತ್ತಿದ್ದ. ಒಂದು ಕಡೆ ಭಾನುವಾರದ ಕ್ಯಾಸೆಟ್, ಇನ್ನೊಂದು ಕಡೆ ಹೊಸದು. ನಾಟಕದ ಮಾತು ಬಂದಾಗ ಹೊಸದನ್ನು ಓಡಿಸುವುದು, ಬೇರೆ ಮಾತು, ನಗು, ಕೆಮ್ಮು ಬಂದಾಗ ನಿಲ್ಲಿಸುವುದು. ಸ್ಟೋರಿನ ಮುಂದೆ ಹೆಂಗಸರು ಮೊರದಲ್ಲಿ ಕಾಫಿ ಹಾಕಿಕೊಂಡು ಕಪ್ಪು ಕಾಳು ಆರಿಸಿ ಎಸೆಯುತ್ತಾರಲ್ಲ, ಹಾಗೆ. ಜೀವಮಾನವಿಡೀ ಆ ಕೆಲಸ ಮಾಡಿಸಿದವನು. ಒಂದು ಕಾಳು ಉಳಿದರೂ ಮನಸ್ಸಿಗೆ ಸಮಾಧಾನವಿಲ್ಲ. ಇಂಗ್ಲಿಷ್ ಅಷ್ಟಾಗಿ ಬಾರದಿದ್ದರೂ ಯಾವುದು ಪಾತ್ರದ ಮಾತು, ಯಾವುದು ಹೆಂಡತಿಯ ಮಾತು ಎಂದು ಅವನಿಗೆ ಉಸಿರಿನಲ್ಲೇ ತಿಳಿಯುತ್ತಿತ್ತು. ಶುದ್ಧ ಮಾಡಿ ಮುಗಿದ ಮೇಲೆ ಭಾನುವಾರದ ಕ್ಯಾಸೆಟ್ಟನ್ನು ಪೂರ್ತಿ ಅಳಿಸಿ ಮುಂದಿನ ಭಾನುವಾರಕ್ಕೆ ಎತ್ತಿಡುತ್ತಿದ್ದ. ಅದರ ಮೇಲೆಯೇ ಮತ್ತೆ ರೆಕಾರ್ಡಿಂಗ್. ಹೊಲಿದ ಗೋಣಿಯನ್ನು ಮತ್ತೆ ತುಂಬಿಸುವವನಿಗೆ ಕ್ಯಾಸೆಟ್ಟನ್ನು ಮತ್ತೆ ಬಳಸಬಾರದೆಂದು ಹೊಳೆಯುವುದಾದರೂ ಹೇಗೆ?

ಶುದ್ಧವಾದದ್ದನ್ನು ಕೇಳಿ ಲೂಯಿಜಾ ಬೆರಗಾದಳು. "ಒಂದು ಕೆಮ್ಮಿಲ್ವಲ್ಲೋ ವಲ್ಲು! ರೇಡಿಯೋದವ್ರೂ ಇಷ್ಟು ಚೆನ್ನಾಗಿ ಮಾಡಲ್ಲ" ಎಂದಳು. ಅವನು ಕಿವಿಯವರೆಗೂ ಕೆಂಪಾದ. ಆ ಮಾತನ್ನು ಅವಳು ಆಡುವಾಗ ಟೇಪು ಓಡುತ್ತಿರಲಿಲ್ಲ.

ಕೊನೆಯ ಅಂಕಕ್ಕೆ ಉಳಿದದ್ದು ಒಂದೇ ಭಾನುವಾರ. ಮರುದಿನ ಬೆಳಿಗ್ಗೆ ಮಂಗಳೂರಿಗೆ ಹೊರಡಬೇಕು. ಹಾಳಾದ್ದು, ಅವತ್ತೇ ಹಾಸನದ ಕ್ಯೂರಿಂಗ್ ಕಾರ್ಖಾನೆಗೆ ಕಾಫಿ ಒಯ್ಯುವ ಲಾರಿ ಬಂತು. ಬರಹೇಳಿದವನು ಬೇರೆ ಯಾರೂ ಅಲ್ಲ, ವಲೇರಿಯನ್ನೇ. ತಾನು ಊರಲ್ಲಿಲ್ಲದಾಗ ಚೀಲ ಹೋಗಬಾರದು, ತೂಕ ತಾನೇ ನೋಡಬೇಕು ಎಂಬ ನಿಯತ್ತು ಅವನದು. ಮಧ್ಯಾಹ್ನದ ಹೊತ್ತಿಗೆ ಕಾಫಿಯ ಗೋಡೆ ಮುಕ್ಕಾಲು ಕರಗಿ, ಸ್ಟೋರು ಬಣಬಣ ಎನ್ನುತ್ತಿತ್ತು. ಮಾತಾಡಿದರೆ ನಾಲ್ಕೂ ಮೂಲೆಯಿಂದ ವಾಪಸ್ ಬರುತ್ತಿತ್ತು.

ವಲೇರಿಯನ್ ತಲೆಯ ಮೇಲೆ ಕೈಹೊತ್ತು ಕುಳಿತ. ಲೂಯಿಜಾ ಸುತ್ತ ನೋಡಿ ನಕ್ಕಳು. "ಇರ್ಲಿ ಬಿಡು. ಐದನೇ ಅಂಕ ನಡೆಯೋದು ಚರ್ಚಲ್ಲಿ. ಚರ್ಚಂದ್ಮೇಲೆ ಮಾತು ಮೊಳಗ್ಬೇಡ್ವ?"

ಅವತ್ತು ನಕಲು ಮಾಡಿ ಶುದ್ಧ ಮಾಡುವಷ್ಟು ಪುರಸೊತ್ತಿರಲಿಲ್ಲ. ನೇರವಾಗಿ ಹೊಸ ಕ್ಯಾಸೆಟ್ಟಿಗೇ ಹಿಡಿಯಬೇಕು. ವಲೇರಿಯನ್ ಗುಂಡಿಯ ಮೇಲೆ ಬೆರಳಿಟ್ಟುಕೊಂಡು ಕುಳಿತ. ಪಾತ್ರದ ಮಾತು ಮುಗಿದು ಲೂಯಿಜಾ ತನ್ನ ಮಾತಿಗೆ ಬಾಯಿ ತೆರೆಯುವಷ್ಟರಲ್ಲಿ ಟಕ್ ಎಂದು ನಿಲ್ಲಿಸುತ್ತಿದ್ದ. ಅಷ್ಟು ಕೈ ಪಳಗಿತ್ತು.

ಲೋಡಿಂಗಿನ ಮೇಸ್ತ್ರಿ ಲಕ್ಕಯ್ಯ, ಅವನ ಆಳುಗಳು ಕೆಲಸ ನಿಲ್ಲಿಸಿ ಬಾಗಿಲ ಹೊರಗೆ ಚೀಲದ ಮೇಲೆ ಉಸಿರು ಬಿಗಿಹಿಡಿದು ಕೂತಿದ್ದರು. ಟೇಪು ನಿಂತಿದ್ದಾಗ ಲಕ್ಕಯ್ಯ ಮೆಲ್ಲಗೆ ಕೇಳಿದ.

"ರೈಟ್ರೇ, ಅಮ್ಮಾರು ನಮ್ ಯಜಮಾನ್ರಿಗೆ ಯಾಕಂಗೆ ಬೈತಾವ್ರೆ?"

"ಬೈತಿಲ್ಲ ಕಣೋ. ಮದ್ವೆ ಆಗ್ತೀನಿ ಅಂತಾವ್ಳೆ."

"ಹಂಗಾರೆ ಬೈದಂಗೆ ಯಾಕ್ ಕೇಳ್ತೈತೆ?"

ಲೂಯಿಜಾಳಿಗೆ ಅದು ಕೇಳಿಸಿತು. "ಮದ್ವೆ ಆದ್ಮೇಲೆ ಮೂವತ್ತು ವರ್ಷಕ್ಕೆ ಆಗೋವಷ್ಟು ಬೈಗುಳ ಆ ಹುಡ್ಗಿ ಈಗ್ಲೇ ಮುಗಿಸ್ತಿದ್ದಾಳೆ ಲಕ್ಕಯ್ಯ" ಎಂದಳು. ಎಲ್ಲರೂ ಗೊಳ್ಳೆಂದು ನಕ್ಕರು. ಆ ನಗೆಯೂ ಟೇಪಿಗೆ ಸಿಗಲಿಲ್ಲ.

ಕೊನೆಯ ಮಾತಿಗೆ ಮುಂಚೆ ಅವಳು ವಲೇರಿಯನ್ನನಿಗೆ ತಾಕೀತು ಮಾಡಿದಳು. "ನಾಟಕ ಮುಗಿದ ತಕ್ಷಣ ನಿಲ್ಲಿಸ್ಬೇಡ. ಪರದೆ ಬೀಳೋಕೆ ಹೊತ್ತು ಬೇಕಲ್ಲ, ಅಷ್ಟು ಮೌನ ಬಿಡು." ಆಮೇಲೆ ಹುಡುಗಿ ಹುಡುಗನ ಕೈಹಿಡಿದಳು, ಗುಂಡಯ್ಯ ಸರಿಯಾದ ಜಾಗದಲ್ಲೇ ಹರಸಿದರು, ನಾಟಕ ಮುಗಿಯಿತು. ವಲೇರಿಯನ್ ಮೌನ ಬಿಟ್ಟ. ಟೇಪು ನಿಲ್ಲಿಸಿದ್ದೇ ತಡ, ಮೋಹನ್ ಟೀಚರ ಕಾಲಿಗೆ ಬಿದ್ದ, ಮಧುಶ್ರೀ ಅತ್ತಳು, ಆಳುಗಳು ಒಳಕ್ಕೆ ಬಂದು ಚೀಲಕ್ಕೆ ಕೈಹಾಕಿದರು. ಆ ಗದ್ದಲದಲ್ಲಿ ಅವನು ಕ್ಯಾಸೆಟ್ ತೆಗೆದು ಜೇಬಿಗೆ ಹಾಕಿಕೊಂಡು ತೂಕಕ್ಕೆ ಓಡಿದ.

ಆಸ್ಪತ್ರೆಯಲ್ಲಿ ಆಪರೇಷನ್ನಿಗೆ ಕರೆದೊಯ್ಯುವ ಮುಂಚೆ ಲೂಯಿಜಾ ಅವನ ಕೈಹಿಡಿದು ಹೇಳಿದಳು, "ಏನಾದ್ರೂ ಮಾತಾಡು ವಲ್ಲು. ತಿರುಗಿ ಉತ್ತರ ಕೊಡೋಕೆ ಈಗಾದ್ರೆ ನಂಗೆ ಸ್ವರ ಇದೆ."

ಎದೆಯಲ್ಲಿ ಬೆಟ್ಟದಷ್ಟಿತ್ತು. ಬಾಯಿಗೆ ಬಂದದ್ದು, "ಎಲ್ಲಾ ಸರಿ ಹೋಗ್ತೈತೆ ಬುಡು."

"ಹೂಂ" ಎಂದಳು ಲೂಯಿಜಾ. ಅವನದೇ ಮಾತು. ಅದೇ ಕೊನೆ.

ಜೀವ ಉಳಿಯಿತು. ಮನೆಗೆ ಬಂದರು. ಗಂಟಲಿನ ತೂತಿನ ಮೇಲೆ ಬಿಳಿ ಬಟ್ಟೆ ಕಟ್ಟಿಕೊಂಡು ಲೂಯಿಜಾ ಮೊದಲಿನಂತೆಯೇ ಓಡಾಡಿದಳು. ಬೇಕಾದ್ದನ್ನು ಕೈಸನ್ನೆಯಲ್ಲಿ ಹೇಳುವಳು, ಇಲ್ಲವೇ ಸ್ಲೇಟಿನ ಮೇಲೆ ಬರೆಯುವಳು. ಅವನನ್ನು ಕರೆಯಲು ಚಪ್ಪಾಳೆ ತಟ್ಟುವಳು. ಮನೆಯಲ್ಲಿ ಗಡಿಯಾರದ ಸದ್ದು ಕೇಳಿಸತೊಡಗಿತು. ಅಷ್ಟು ವರ್ಷ ಆ ಗಡಿಯಾರ ಸದ್ದು ಮಾಡುತ್ತದೆಂದೇ ವಲೇರಿಯನ್ನನಿಗೆ ಗೊತ್ತಿರಲಿಲ್ಲ.

ಹೂಮಳೆ ಬಿದ್ದು ಕಾಫಿ ಹೂವರಳಿ ತೋಟವೆಲ್ಲ ಬೆಳ್ಳಗಾದ ಒಂದು ಬೆಳಿಗ್ಗೆ, ಲೂಯಿಜಾ ಇಗರ್ಜಿಗೆ ಹೋಗಿದ್ದಾಗ, ಅವನು ಕ್ಯಾಸೆಟ್ಟುಗಳನ್ನಿಟ್ಟಿದ್ದ ತಗಡಿನ ಡಬ್ಬಿ ತೆಗೆದು ಮೊದಲ ಕ್ಯಾಸೆಟ್ ಹಾಕಿದ. ಇಷ್ಟು ದಿನ ಅದನ್ನು ಮುಟ್ಟಿರಲಿಲ್ಲ. ಹಬ್ಬಕ್ಕೆಂದು ಎತ್ತಿಟ್ಟ ಬಟ್ಟೆಯ ಹಾಗೆ ಕಾದಿರಿಸಿದ್ದ. ಗುಂಡಿ ಒತ್ತಿದ. ಒಬ್ಬ ಹೆಂಗಸು ಇಂಗ್ಲಿಷಿನಲ್ಲಿ ಮಾತಾಡತೊಡಗಿದಳು. ಚೆನ್ನಾಗಿ ಮಾತಾಡುತ್ತಿದ್ದಳು. ಆದರೆ ಅವಳ್ಯಾರೋ ದೊಡ್ಡಮನೆಯವಳು. ಒಲೆಯ ಸುದ್ದಿ ಎತ್ತಲಿಲ್ಲ, ನೀರು ಕೇಳಲಿಲ್ಲ, ಅವನ ಹೆಸರು ಹಿಡಿದು ಕರೆಯಲಿಲ್ಲ.

ಎರಡನೆಯದು ಹಾಕಿದ, ಮೂರನೆಯದು ಹಾಕಿದ. ಸರಸರನೆ ಮುಂದಕ್ಕೆ ಓಡಿಸಿ, ಹಿಂದಕ್ಕೆ ಓಡಿಸಿ ಹುಡುಕಿದ. ಒಂದು ನಗು? ಒಂದು ಕೆಮ್ಮು? ಇಲ್ಲ. ಒಂದು ಕಪ್ಪು ಕಾಳನ್ನೂ ಅವನು ಉಳಿಸಿರಲಿಲ್ಲ. ತನಗೆ ಬೇಕಾದದ್ದನ್ನೆಲ್ಲ ತನ್ನ ಕೈಯಾರೆ ಆರಿಸಿ ಎಸೆದು, ಬೇಡವಾದದ್ದನ್ನು ಜೋಪಾನ ಮಾಡಿದ್ದ.

ಲೂಯಿಜಾ ಬಂದಾಗ ಅವನು ಕ್ಯಾಸೆಟ್ಟುಗಳ ನಡುವೆ ನೆಲದ ಮೇಲೆ ಕೂತಿದ್ದ. "ನಿನ್ನ ಅಳಿಸ್ಬುಟ್ಟೆ ಕಣೇ" ಎಂದ. "ಆ ಹುಡುಗೀನ ಇಟ್ಕೊಂಡು ನಿನ್ನ ಅಳಿಸ್ಬುಟ್ಟೆ."

ಅವಳು ಹರಡಿ ಬಿದ್ದಿದ್ದ ಕ್ಯಾಸೆಟ್ಟುಗಳನ್ನು ನೋಡಿದಳು. ಆಮೇಲೆ ಪಕ್ಕದಲ್ಲಿ ಬಂದು ಕುಳಿತು, ಇನ್ನೂ ಹಾಕದೆ ಉಳಿದಿದ್ದ ಕೊನೆಯ ಕ್ಯಾಸೆಟ್ಟನ್ನು ತಾನೇ ಎತ್ತಿ ಅವನ ಕೈಗಿತ್ತಳು. ಇಬ್ಬರೂ ಐದನೆಯ ಅಂಕ ಕೇಳಿದರು. ಖಾಲಿ ಸ್ಟೋರಿನಲ್ಲಿ ಮಾತು ಮೊಳಗುತ್ತಿತ್ತು. ಜಗಳ ಮುಗಿಯಿತು, ಹುಡುಗಿ ಒಪ್ಪಿದಳು, ಗುಂಡಯ್ಯ ಹರಸಿದರು. ಪರದೆ ಬೀಳುವ ಹೊತ್ತಿನ ಮೌನ ಶುರುವಾಯಿತು. ದೂರದ ತಿರುವಿನಲ್ಲಿ ಲಾರಿಯೊಂದರ ಹಾರನ್ನು. ಮತ್ತೆ ಮೌನ. ವಲೇರಿಯನ್ ನಿಲ್ಲಿಸಲೆಂದು ಕೈಚಾಚಿದ.

"ವಲ್ಲೂ..." ಎಂದಿತು ಟೇಪು. ಒರಟು ದನಿ, ಮನೆಯ ದನಿ. "ವಲ್ಲೂ, ನಿಂಗೊಂದು ಮಾತು..."

"ಶ್! ಸುಮ್ನಿರು, ಟೇಪ್ ಓಡ್ತೈತೆ."

ಟಕ್.

ಅವನು ಹಿಂದಕ್ಕೆ ಓಡಿಸಿ ಮತ್ತೆ ಕೇಳಿದ. ಮತ್ತೊಮ್ಮೆ ಕೇಳಿದ. ಎಷ್ಟು ಸಲ ಕೇಳಿದರೂ ಅಷ್ಟೇ ಇತ್ತು. ಅವಳು ಕರೆಯುವುದು, ಇವನು ಗದರುವುದು. ಅವನ ಗಲ್ಲದ ಮೇಲೆ ನೀರಿಳಿಯುತ್ತಿತ್ತು.

"ಏನ್ ಹೇಳೋಕ್ ಬಂದಿದ್ದೆ ಲೂಯಿಜಾ? ಏನ್ ಮಾತು?"

ಅವಳು ಸ್ಲೇಟು ಎತ್ತಿಕೊಂಡಳು. ಬಳಪ ಹಿಡಿದು ಒಂದು ಗಳಿಗೆ ಯೋಚಿಸಿದಳು. ಏನನ್ನೂ ಬರೆಯಲಿಲ್ಲ. ಸ್ಲೇಟನ್ನು ಕೆಳಗಿಟ್ಟು, ಅವನ ಮುಖ ನೋಡುತ್ತ ತನ್ನ ತುಟಿಯ ಮೇಲೆ ಬೆರಳಿಟ್ಟುಕೊಂಡಳು. ಶ್, ಸುಮ್ಮನಿರು ಎನ್ನುವಂತೆ. ಅವಳ ಭುಜ ಅಲುಗತೊಡಗಿತು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ವಲೇರಿಯನ್ನನಿಗೆ ತಿಳಿಯಲಿಲ್ಲ. ತಿಳಿಸಲು ಸದ್ದೇ ಇರಲಿಲ್ಲ.

ಅವನು ಆ ಬೆರಳನ್ನು ಹಿಡಿದು ತುಟಿಯಿಂದ ತೆಗೆದ.

"ಇಲ್ಲ ಕಣೇ, ಇನ್ಮೇಲೆ ನಾನು ಸುಮ್ನಿರಲ್ಲ. ನಿನ್ ದನಿ ಅಂದ್ರೆ ನಂಗೆ ಪ್ರಾಣ ಆಗಿತ್ತು. ಸಂಜೆ ಗೇಟ್ ಹತ್ರ ನೀನು ಕೂಗ್ತಿದ್ದೆ ನೋಡು, ಅದುಕ್ಕೆ ಕಾಯ್ಕೊಂಡ್ ಕೂತಿರ್ತಿದ್ದೆ. ಒಂದ್ ದಿನಾನೂ ಹೇಳ್ಲಿಲ್ಲ ನಾನು..."

ಅಲ್ಲಿಂದ ಶುರುವಾದದ್ದು ನಿಲ್ಲಲಿಲ್ಲ. ಅಜ್ಜನ ಉಳಿ ಬಾಚಿ, ಅಪ್ಪ ಸತ್ತ ದಿನ, ಮದುವೆಯ ದಿನ ಅವಳನ್ನು ಕಂಡು ತಾನು ಕಲಿತಿಟ್ಟ ಮಾತೆಲ್ಲ ಮರೆತದ್ದು, ಘಾಟಿಯ ಬಸ್ಸಿನಲ್ಲಿ ಹೇಳಬೇಕೆಂದು ಹೇಳದೆ ಉಳಿದದ್ದು. ಅಷ್ಟು ವರ್ಷದ ಮಾತು ಒಂದರ ಮೇಲೊಂದು ಬೀಳುತ್ತ ಬಂತು. ಹೊರಗೆ ಕಾಫಿ ಹೂವಿನ ವಾಸನೆ ಗಾಳಿ ತುಂಬಿತ್ತು. ಲೂಯಿಜಾ ಬಾಗಿಲ ಬಳಿ, ಅವನು ಕೂರುತ್ತಿದ್ದ ಜಾಗಕ್ಕೆ ಸರಿದು, ಮೊಣಕಾಲಿನ ಮೇಲೆ ಗಲ್ಲವಿಟ್ಟುಕೊಂಡು ಕೇಳುತ್ತ ಕುಳಿತಳು.